ಒಂದು ಪೇಟಿಯ ಆಂಪ್ಲಿಫೈಯರ್

"ಅಕ್ಕಾರ, ಪೇಟಿ ಅಳಾಕತ್ತೈತ್ರಿ," ಎಂದರು ಭಾಂಡುಪ್ ಭಜನಾ ಮಂಡಳಿಯ ಮುಖ್ಯ ಗಾಯಕರು, ಹೆಗಲ ಮೇಲಿನ ಹಾರ್ಮೋನಿಯಂ ಅನ್ನು ನನ್ನ ಮೇಜಿನ ಮೇಲೆ ಇಳಿಸುತ್ತ.

ನಮ್ಮ ಉತ್ತರ ಕರ್ನಾಟಕದ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುವುದೇ ರೂಢಿ. ಮರಾಠಿಯವರೂ ಹಾಗೇ ಅನ್ನುತ್ತಾರೆ. ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನದೊಂದು ಗಾಲಾ ಇದೆ, ಅಂದರೆ ಒಂದೇ ಕೋಣೆಯ ವರ್ಕ್‌ಶಾಪ್. ಅಲ್ಲಿ ಇಂಥ ಪೇಟಿಗಳನ್ನು ಬಿಚ್ಚಿ, ರಿಪೇರಿ ಮಾಡಿ, ಶ್ರುತಿ ಕೂಡಿಸಿ ಕೊಡುವುದು ನನ್ನ ಕಸುಬು. ಗಾಯಕರು ವಿಜಯಪುರದ ಕಡೆಯವರು. ಟೈಲ್ಸ್ ಹಾಕುವ ಮೇಸ್ತ್ರಿ. ಅವರ ಮಂಡಳಿಯವರೆಲ್ಲ ಗಾರೆ, ಟೈಲ್ಸ್, ಸೆಂಟ್ರಿಂಗ್ ಕೆಲಸದವರೇ. ಭಾಂಡುಪ್‌ನ ಹೊಸ ಬಿಲ್ಡಿಂಗೊಂದರ ಸೊಸೈಟಿಯವರು ತಮ್ಮ ಹಾಲ್‌ನಲ್ಲಿ ಪೂಜೆ ಇಟ್ಟುಕೊಂಡು ಭಜನೆಗೆ ಇವರನ್ನು ಕರೆದಿದ್ದರು. ಅಷ್ಟೇ ಆಗಿದ್ದರೆ ಇವರ ಮುಖ ಹೀಗೆ ಅರಳುತ್ತಿರಲಿಲ್ಲ.

"ಆ ಹಾಲ್‌ಗೆ ಟೈಲ್ಸ್ ಹಾಕಿದವರು ನಾವ ನೋಡ್ರಿ. ಬಗ್ಗಿ ಬಗ್ಗಿ ಸೊಂಟ ಬಿದ್ದಿತ್ತು. ಈಗ ಅದರ ಮ್ಯಾಲ ಜಮಖಾನಿ ಹಾಸಿ ಕುಂತು ಹಾಡಬೇಕ್ರಿ! ನೆಲಾನೂ ನಮ್ದ, ಹಾಡೂ ನಮ್ದ. ಪೇಟಿ ಒಂದು ಅಳಬಾರದು. ಸೆಕ್ರೆಟರಿ ಸಾಹೇಬ್ರು ಕೀಬೋರ್ಡ್ ಕೊಡಿಸ್ತೀನಿ ಅಂದ್ರು. ನಾ ಒಲ್ಲೆ ಅಂದೀನಿ."

"ಪೂಜೆ ಯಾವಾಗ್ರಿ?"

"ಬರೂ ಆಯಿತವಾರ ಬಿಟ್ಟು ಅದರ ಮುಂದಿಂದು."

ಆಗಲಿ ಎಂದೆ. ಎಂದದ್ದು ಅವರ ಸಂತೋಷ ನೋಡಿ. ನನ್ನ ಪರಿಸ್ಥಿತಿ ನೋಡಿಕೊಂಡಿದ್ದರೆ ಹಾಗೆ ಹೇಳುತ್ತಿರಲಿಲ್ಲ.

ಪೇಟಿ ಅಳುವುದು ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಬೆರಳಿನಿಂದ ಒತ್ತುವ ಒಂದೊಂದು ಪಟ್ಟಿಯ ಕೆಳಗೂ ಎರಡೆರಡು ಹಿತ್ತಾಳೆಯ ರೀಡ್‌ಗಳಿರುತ್ತವೆ. ದಪ್ಪ ದನಿಯದನ್ನು ನಮ್ಮ ಕಸುಬಿನಲ್ಲಿ ಖರ್ಜ ಎನ್ನುತ್ತೇವೆ, ಅದರ ಮೇಲಿನ ದನಿಯದನ್ನು ನರ ಎನ್ನುತ್ತೇವೆ. ಎರಡೂ ಕೂಡಿಕೊಂಡಿದ್ದರೆ ಒಂದೇ ಸ್ವರ ಕೇಳುತ್ತದೆ. ಕೂದಲೆಳೆಯಷ್ಟು ತಪ್ಪಿದರೆ ಸ್ವರದೊಳಗೆ ಅಲೆ ಏಳುತ್ತದೆ: ವಾಂವ್, ವಾಂವ್, ವಾಂವ್. ಅದೇ ಅಳು. ರೀಡಿನ ತುದಿಯನ್ನು ಕೆರೆದರೆ ದನಿ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಹದವಾಗಿ ಕೆರೆಯುತ್ತ ಹೋದಂತೆ ಅಲೆ ನಿಧಾನವಾಗುತ್ತದೆ, ಕೊನೆಗೆ ನಿಂತುಬಿಡುತ್ತದೆ. ಆದರೆ ಕೆರೆದ ಹಿತ್ತಾಳೆಯನ್ನು ಮರಳಿ ಅಂಟಿಸಲು ಬರುವುದಿಲ್ಲ. ಹಾಗಾಗಿ ಕೈಗಿಂತ ಕಿವಿ ಒಂದು ಹೆಜ್ಜೆ ಮುಂದಿರಬೇಕು.

ನನ್ನ ಕಿವಿ ಮುಂದೆ ಹೋಗಲಾರದೆ ನಿಂತಿತ್ತು. ಪಕ್ಕದ ಗಾಲಾದಲ್ಲಿ ಮೊದಲು ರಟ್ಟಿನ ಡಬ್ಬಿ ಮಡಚುತ್ತಿದ್ದರು. ಅವರಂಥ ನೆರೆಯವರು ಸಿಗಲು ಪುಣ್ಯ ಬೇಕು. ಅವರು ಬಿಟ್ಟುಹೋದ ಮೇಲೆ ಬಂದವರು ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ಮಾಡುವ ಯಂತ್ರ ತಂದಿಟ್ಟರು. ಅದು ಬೆಳಿಗ್ಗೆಯಿಂದ ಸಂಜೆಯವರೆಗೆ ಧಡ್, ಸುಸ್ಸ್, ಧಡ್, ಸುಸ್ಸ್ ಎನ್ನುತ್ತದೆ. ಜಗಳ ಆಡಿ ಏನು ಪ್ರಯೋಜನ? ಅವರ ಹೊಟ್ಟೆಪಾಡು ಅವರದು. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇಟ್ಟು ನೋಡಿದೆ. ಅದರ ಮುಳ್ಳು ನನ್ನ ರೀಡ್ ಬಿಟ್ಟು ಅವರ ಯಂತ್ರಕ್ಕೆ ತಾಳ ಹಾಕಿತು. ಮನೆಗೆ ಒಯ್ದು ಮಾಡೋಣವೆಂದರೆ ನಮ್ಮ ಬಿಲ್ಡಿಂಗ್ ರೈಲು ಹಳಿಯ ಪಕ್ಕದ್ದು, ಎರಡು ಲೋಕಲ್‌ಗಳ ನಡುವೆ ಒಂದು ರೀಡೂ ಮುಗಿಯುವುದಿಲ್ಲ. ಬೇರೆ ಗಾಲಾ ಹಿಡಿಯುವ ಶಕ್ತಿ ನನಗಿರಲಿಲ್ಲ. ಮಂಡಳಿಯ ಈ ಪೇಟಿ ಇಲ್ಲೇ, ಈ ಗದ್ದಲದಲ್ಲೇ ಶ್ರುತಿಗೆ ಬಂದರೆ ಕಸುಬು ಮುಂದುವರಿಸುವುದು, ಬಾರದಿದ್ದರೆ ಬಾಗಿಲಿಗೆ ಬೀಗ ಹಾಕುವುದು ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡೆ.

ಆಗ ನೆನಪಾದದ್ದು ಕಪಾಟಿನ ಮೇಲಿದ್ದ ಹೆಡ್‌ಫೋನ್. ಡಬ್ಬಿಂಗ್ ಸ್ಟುಡಿಯೋ ಒಂದರ ರೆಕಾರ್ಡಿಸ್ಟ್ ನಿವೃತ್ತರಾಗುವಾಗ ಪ್ರೀತಿಯಿಂದ ಕೊಟ್ಟು ಹೋಗಿದ್ದರು. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ಹಾಕಿಕೊಂಡರೆ ಪಕ್ಕದ ಯಂತ್ರ ಪಕ್ಕದ ಊರಿಗೆ ಹೋದಂತೆ ಅನಿಸುತ್ತದೆ. ಮೇಲೆ ಆರುನೂರು ಓಮ್ ಎಂದು ಬರೆದಿತ್ತು. ಪೇಟಿಯ ರೀಡ್‌ಗಳನ್ನು ಕೂಡಿಸಿದ ಹಲಗೆಗೆ ಪುಟ್ಟದೊಂದು ಮೈಕ್ ಅಂಟಿಸಿ, ಅದನ್ನು ಫೋನಿಗೆ ಕೊಟ್ಟು, ಫೋನಿನಿಂದ ಹೆಡ್‌ಫೋನಿಗೆ ತಂದೆ. ಇರುವೆ ಹಾಡಿದಷ್ಟು ಕೇಳಿಸಿತು. ಪೇಟೆಯಿಂದ ಸಣ್ಣದೊಂದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತಂದೆ. ಸದ್ದೇನೋ ಬಂತು. ಆದರೆ ಖರ್ಜ ಒತ್ತಿದೊಡನೆ ದನಿ ಒಡೆದು, ಮಡಕೆಯ ತಳ ಕೆರೆದಂತೆ ಕರಕರ ಎಂದಿತು.

ರೆಕಾರ್ಡಿಸ್ಟರಿಗೆ ಫೋನ್ ಮಾಡಿದೆ. ಅವರು ನಗುತ್ತ, ನಿಮ್ಮ ಬಿಲ್ಡಿಂಗಿನ ನೀರು ಏಳನೆಯ ಮಹಡಿಗೆ ಏರಬೇಕಾದರೆ ಏನು ಬೇಕು ಎಂದು ಕೇಳಿದರು. ಪ್ರೆಶರ್ ಬೇಕು ಎಂದೆ. ಹೆಚ್ಚು ಓಮ್‌ನ ಹೆಡ್‌ಫೋನೂ ಏಳನೆಯ ಮಹಡಿಯೇ, ಅದಕ್ಕೆ ಕುಡಿಯಲು ಬೇಕಾದದ್ದು ಸ್ವಲ್ಪ, ಆದರೆ ಅದು ಮೇಲಕ್ಕೆ ಏರಬೇಕು, ಅಂದರೆ ವೋಲ್ಟೇಜ್ ಬೇಕು ಎಂದರು. ಒಳ್ಳೆಯ ಟ್ರಾನ್ಸಿಸ್ಟರ್‌ನದೂ ನಡೆಯುತ್ತದೆ, ಆದರೆ ಇಂಥ ಹೆಡ್‌ಫೋನಿಗೆ ಹಳೆಯ ಕಾಲದ ಗಾಜಿನ ಟ್ಯೂಬ್‌ಗಳ ಆಂಪ್ಲಿಫೈಯರ್ ಹೇಳಿ ಮಾಡಿಸಿದ ಜೋಡಿ ಎಂದರು. ಘಾಟ್ಕೋಪರ್‌ನಲ್ಲಿ ಒಬ್ಬರು ಅಂಥವನ್ನು ಕೈಯಾರೆ ಕಟ್ಟುತ್ತಾರೆ, ನಿಮ್ಮ ಕನ್ನಡದವರೇ ಎಂದು ನಂಬರ್ ಕೊಟ್ಟರು.

ಗಾಲಾದಿಂದಲೇ ಆ ನಂಬರಿಗೆ ಫೋನ್ ಹಚ್ಚಿದ್ದು ನನ್ನ ತಪ್ಪು. ಧಡ್, ಸುಸ್ಸ್ ನಡುವೆ ನಡೆದ ಮಾತುಕತೆ ಹೀಗಿತ್ತು.

"ನಮಸ್ಕಾರ್ರಿ, ಟ್ಯೂಬ್ ಆಂಪ್ಲಿಫೈಯರ್ ಬೇಕಾಗಿತ್ತು."

"ಓಹೋ, ಮಾಡುವ. ಎಷ್ಟರದ್ದು ಬೇಕು?"

ನನಗೆ ಕೇಳಿಸಿದ್ದು 'ಎಂಥದ್ದಕ್ಕೆ ಬೇಕು' ಎಂದು. "ಪೇಟಿರಿ! ಒಂದು ಪೇಟಿ ಐತಿ!" ಎಂದು ಕೂಗಿದೆ.

"ಒಂದು ಪೇಟಿಯಾ? ಪೂರ್ತಿ?"

"ಹೌದ್ರಿ, ಪೂರ್ತಿ. ಹಳೇದೈತಿ, ಆದ್ರ ಗಟ್ಟಿ ಮಾಲು."

"ಹಳೆಯದ್ದಾ?" ದನಿ ಸಣ್ಣದಾಯಿತು. "ಯಾರದ್ದು ಅದು?"

"ನಂದಲ್ರಿ. ಭಾಂಡುಪ್‌ನವರು ಹೊತ್ತು ತಂದು ಕೊಟ್ಟಾರ."

ಆಮೇಲೆ ಅವರು ಬಹಳ ಮರ್ಯಾದೆಯಿಂದ, "ಹಾಗಾದ್ರೆ ನೀವು ಮನೆಗೇ ಬನ್ನಿ, ಫೋನಿನಲ್ಲಿ ಬೇಡ," ಎಂದು ವಿಳಾಸ ಹೇಳಿ ಇಟ್ಟರು. ಎಂಥ ಸಂಭಾವಿತ ಮನುಷ್ಯ ಅಂದುಕೊಂಡೆ.

ಘಾಟ್ಕೋಪರ್ ಸ್ಟೇಷನ್ನಿಗೆ ಹತ್ತಿರದ ಸೊಸೈಟಿಯೊಂದರಲ್ಲಿ ಅವರ ಮನೆ. ಬಾಗಿಲು ತೆರೆದ ಅವರ ಹೆಂಡತಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ನನ್ನ ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ಮೆಟ್ಟಿಲ ಕಡೆ ಇಣುಕಿದರು. ಒಳಗೆ ಊಟದ ಮೇಜಿನ ಮೇಲೆ ಒಂದು ಆಂಪ್ಲಿಫೈಯರ್ ದೇವರ ಮಂಟಪದ ಹಾಗೆ ಕೂತಿತ್ತು. ಕರಿ ಬಣ್ಣದ ಮೈ, ಹಿತ್ತಾಳೆಯ ಗುಬುಟು, ಮೇಲೆ ಸಾಲಾಗಿ ನಿಂತ ಗಾಜಿನ ಟ್ಯೂಬ್‌ಗಳು. ಆಂಪ್ಲಿಫೈಯರ್ ಕಟ್ಟುವ ಆ ಯಜಮಾನರು ಉಡುಪಿ ಕಡೆಯವರು. ಬಹುಕಾಲ ಹೋಟೆಲೊಂದರ ಗಲ್ಲಾದಲ್ಲಿ ಕೂತು ಈಗ ನಿವೃತ್ತರಾಗಿದ್ದಾರೆ. ಸ್ವಿಚ್ ಒತ್ತಿ, ನಾನು ಹೆಡ್‌ಫೋನ್ ಸಿಕ್ಕಿಸಲು ಹೋದಾಗ ತಡೆದರು.

"ಸ್ವಲ್ಪ ನಿಲ್ಲಿ, ಟ್ಯೂಬ್ ಬಿಸಿಯಾಗ್ಲಿ. ಕಾವಲಿ ಕಾಯದೆ ದೋಸೆ ಹೊಯ್ಯುದುಂಟಾ?"

ಟ್ಯೂಬ್‌ಗಳ ಒಳಗೆ ಕೆಂಡದ ಬಣ್ಣ ಮೂಡಿತು. ಸಾರಂಗಿಯದೊಂದು ರೆಕಾರ್ಡಿಂಗ್ ಹಾಕಿದರು. ಏನು ಹೇಳಲಿ! ಕಮಾನು ತಂತಿಗೆ ತಾಗುವ ಮೊದಲಿನ ಉಸಿರೂ ಕೇಳಿಸಿತು. ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಇದೇ ಸಾಕು, ಇದೇ ಬೇಕು ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಕಣ್ಣು ಬಿಟ್ಟಾಗ ಗಂಡಹೆಂಡಿರಿಬ್ಬರೂ ನನ್ನ ಕೈಚೀಲವನ್ನೇ ನೋಡುತ್ತಿದ್ದರು.

"ಹಾಗಾದ್ರೆ... ಪೇಟಿ ತಂದಿದ್ದೀರಾ?" ಎಂದರು ಯಜಮಾನರು.

"ಅದನ್ನ ಹೆಂಗ ತರ್ಲಿಕ್ಕೆ ಆಗ್ತೈತ್ರಿ? ಗಾಲಾದಾಗ ಬಿಚ್ಚಿ ಹರವಿ ಇಟ್ಟೀನಿ. ಒಂದೊಂದ ರೀಡ್ ತಗದು ತಿಕ್ಕಬೇಕು."

"ರೀಡ್? ಎಂತದ್ದು ರೀಡ್?"

"ಹಾರ್ಮೋನಿಯಂದುರಿ!"

ಮೊದಲು ನಕ್ಕವರು ಅವರ ಹೆಂಡತಿ. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿ ನಕ್ಕರು. "ಹಾರ್ಮೋನಿಯಂ ಅಂತೆ! ಮುಂಬಯಿಯಲ್ಲಿ ಪೇಟಿ ಅಂದ್ರೆ ಒಂದು ಲಕ್ಷ ಅಲ್ವಾ ಮಾರಾಯ್ರೆ! ನಾವು ಎಂತದೋ ರದ್ದಾದ ಹಳೆಯ ನೋಟು ಅಂತ ಗ್ರಹಿಸಿದ್ದು. ನನಗೆ ನಿನ್ನೆಯಿಂದ ನಿದ್ರೆ ಇಲ್ಲ. ಇವರತ್ರ, ಬಾಗಿಲು ತೆಗೆಯುದೇ ಬೇಡ ಅಂತ ಹೇಳಿದ್ದೆ."

ಲಕ್ಷಕ್ಕೆ ಪೇಟಿ ಎನ್ನುವುದು ನನಗೂ ಗೊತ್ತಿಲ್ಲದ ಮಾತಲ್ಲ. ಆದರೆ ದಿನವಿಡೀ ಮರದ ಪೇಟಿಗಳ ನಡುವೆ ಕೂತವಳಿಗೆ ಅದು ಹೊಳೆಯಬೇಕಲ್ಲ! ಕರಾವಳಿಯವರ ಬಾಯಲ್ಲಿ ಹಾರ್ಮೋನಿಯಂ ಹಾರ್ಮೋನಿಯಂ ಆಗಿಯೇ ಉಳಿದದ್ದರಿಂದ ಅವರಿಗೂ ಹೊಳೆದಿರಲಿಲ್ಲ. ಮೂವರೂ ನಕ್ಕು ಸುಸ್ತಾದ ಮೇಲೆ, ಇಷ್ಟು ದೊಡ್ಡ ಮಾಲು ಕೊಳ್ಳುವ ಶಕ್ತಿ ನನಗಿಲ್ಲ, ಸಣ್ಣದೇನಾದರೂ ತೋರಿಸಿ ಎಂದೆ. ಯಜಮಾನರು ಒಪ್ಪಲಿಲ್ಲ. "ಧೂಳು ಒರೆಸಿ ತಯಾರು ಮಾಡಿ ಆಯ್ತಲ್ಲ. ತಗೊಂಡು ಹೋಗಿ, ಕೆಲಸ ಮಾಡಿ ನೋಡಿ. ಕ್ರಯದ ಮಾತು ಆಮೇಲೆ."

ಆಂಪ್ಲಿಫೈಯರನ್ನು ಚೀಲದಲ್ಲಿಟ್ಟು, ಟ್ಯೂಬ್‌ಗಳನ್ನು ಟವೆಲಿನಲ್ಲಿ ಸುತ್ತಿ, ಮೆಟ್ರೋ ಹತ್ತಲು ಹೋದೆ. ತಪಾಸಣೆಯ ಹುಡುಗಿ ಟವೆಲ್ ಬಿಚ್ಚಿಸಿದಳು.

"ಯೇ ಕ್ಯಾ ಹೈ?"

"ಟ್ಯೂಬ್ ಹೈ."

"ಟ್ಯೂಬ್‌ಲೈಟ್? ಇತ್ನಾ ಛೋಟಾ?"

"ನಹೀ, ಗಾನಾ ಸುನ್ನೇ ಕಾ ಟ್ಯೂಬ್."

ಅರ್ಥ ನಿಧಾನಕ್ಕೆ ಆಗುವವರನ್ನು ಈ ಊರಿನಲ್ಲಿ ಟ್ಯೂಬ್‌ಲೈಟ್ ಎಂದು ಗೇಲಿ ಮಾಡುತ್ತಾರೆ. ಆ ಹುಡುಗಿ ನನ್ನನ್ನು ನೋಡಿದ್ದು ಅದೇ ಕಣ್ಣಿನಿಂದ. ಪಾಪ, ಅವಳ ಊಹೆ ಸುಳ್ಳಾಗಲಿಲ್ಲ.

ಗಾಲಾದಲ್ಲಿ ಕೆಲಸ ಶುರುವಾಯಿತು. ಹೆಡ್‌ಫೋನ್ ಹಾಕಿ, ಮೈಕಿನ ಸದ್ದನ್ನು ಏರಿಸಿ, ರೀಡ್ ಒಂದೊಂದನ್ನೇ ಕೇಳುತ್ತ ಹೋದೆ. ಪಕ್ಕದ ಯಂತ್ರ ದೂರದ ಮೋಡದಂತೆ ಗುಡುಗುತ್ತಿತ್ತು, ರೀಡಿನ ಅಲೆ ಅಂಗೈ ಮೇಲಿಟ್ಟ ಹಾಗೆ ಸ್ಪಷ್ಟ. ಸ ಮುಗಿಯಿತು, ರಿ ಮುಗಿಯಿತು. ಹಾಡಿಕೊಂಡು ಕೆಲಸ ಮಾಡಿದೆ. ಕಾಲಕ್ಕೆ ತಕ್ಕ ಕೋಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹೀಗೆ ಪ ಸ್ವರದ ಖರ್ಜಕ್ಕೆ ಬಂದೆ.

ಅದರಲ್ಲಿ ಚುರುಕಾದ ಅಲೆಯೊಂದಿತ್ತು. ತುದಿಯನ್ನು ಸ್ವಲ್ಪ ಕೆರೆದೆ, ನಿಧಾನವಾಯಿತು. ಇನ್ನೂ ಸ್ವಲ್ಪ ಕೆರೆದೆ, ಇನ್ನೂ ನಿಧಾನವಾಯಿತು. ಸರಿಯಾದ ದಾರಿಯಲ್ಲೇ ಇದ್ದೇನೆ ಅಂದುಕೊಂಡು ಅಲೆ ಪೂರ್ತಿ ಸಾಯುವವರೆಗೆ ಕೆರೆದೆ. ಆಮೇಲೆ ಸ ಮತ್ತು ಪ ಎರಡನ್ನೂ ಒಟ್ಟಿಗೆ ಒತ್ತಿ ನೋಡಿದರೆ, ಅಯ್ಯೋ, ಹಲ್ಲು ಜುಮ್ಮೆನ್ನಿತು. ಪ ಎಲ್ಲೋ ಮೇಲಕ್ಕೆ ಹಾರಿ ಕೂತಿತ್ತು.

ಏನಾಯಿತು ಎಂದು ತಿಳಿಯದೆ ಮೇಜನ್ನು ನೋಡಿದೆ. ಖರ್ಜ ಒಂದನ್ನೇ ಕೇಳಲೆಂದು ನರ ರೀಡಿನ ಬಾಯಿಗೆ ಕಾಗದದ ಚೂರು ಸಿಕ್ಕಿಸಿ ಮುಚ್ಚಿಟ್ಟಿದ್ದೆ. ಒಂದೇ ಕೈಯಿಂದ ಚಪ್ಪಾಳೆ ಆಗುವುದಿಲ್ಲ, ಒಂದೇ ರೀಡಿನಿಂದ ಅಲೆ ಏಳುವುದಿಲ್ಲ. ಹಾಗಾದರೆ ಇಷ್ಟು ಹೊತ್ತು ಪ ಜಗಳವಾಡಿದ್ದು ಯಾರ ಜೊತೆ? ಗಾಳಿ ಊದುವುದನ್ನು ನಿಲ್ಲಿಸಿ, ಹೆಡ್‌ಫೋನ್ ಮಾತ್ರ ಹಾಕಿಕೊಂಡು ಉಸಿರು ಬಿಗಿಹಿಡಿದೆ. ಎಲ್ಲೋ ತಳದಲ್ಲಿ ಸಣ್ಣ ದನಿ: ಹೂಂ... ಆಂಪ್ಲಿಫೈಯರ್ ಬಂದ್ ಮಾಡಿದೆ. ಹೂಂ ಹೋಯಿತು. ಆ ಚೆಲುವ ಆಂಪ್ಲಿಫೈಯರ್ ತಾನೂ ಒಂದು ಸ್ವರ ಹಿಡಿದು ಕೂತಿತ್ತು. ನಾನು ಮಂಡಳಿಯ ಪೇಟಿಯನ್ನು ಕರೆಂಟಿನ ಶ್ರುತಿಗೆ ಕೂಡಿಸಿಬಿಟ್ಟಿದ್ದೆ.

ಇಂಥ ಹೊತ್ತಿನಲ್ಲೇ ಬರಬೇಕೇ ಗಾಯಕರು! ಕೆಲಸ ಮುಗಿಸಿ ಹೋಗುವ ದಾರಿಯಲ್ಲಿ, ಪೇಟಿ ಹೇಗಿದೆ ಎಂದು ನೋಡಲು ಬಂದಿದ್ದರು. ಮುಚ್ಚಿಡಲು ಮನಸ್ಸಾಗಲಿಲ್ಲ.

"ತಪ್ಪಾಗೈತ್ರಿ. ಪ ರೀಡ್ ಏರಿಸಿಬಿಟ್ಟೀನಿ. ಬುಡ ಕೆರದು ಇಳಸಬಹುದು, ಆದ್ರ ರೀಡ್ ಹಳೇದು. ಇನ್ನೊಮ್ಮೆ ತಪ್ಪಿದ್ರ ಮುರೀತೈತಿ."

ಅವರು ಪೇಟಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಒಂದು ಟೈಲ್ಸ್ ಎದ್ದು ನಿಂತ್ರ ಪೂರಾ ನೆಲಾ ಕೀಳ್ತೀವೇನ್ರಿ? ಅದೊಂದನ್ನ ಎಬ್ಬಿಸಿ ಕುಂದ್ರಸ್ತೀವಿ. ನೀವೂ ಕುಂದ್ರಸ್ರಿ," ಎಂದರು. ಬಾಗಿಲ ತನಕ ಹೋಗಿ ತಿರುಗಿ, "ಆದ್ರ ಅಕ್ಕಾರ, ಕೀಬೋರ್ಡ್ ಮಾತ್ರ ಬ್ಯಾಡ್ರಿ," ಎಂದು ಸಣ್ಣ ದನಿಯಲ್ಲಿ ಹೇಳಿ ಹೋದರು.

ಅವರು ಹೋದ ಮೇಲೆ ಕೂತು ಯೋಚಿಸಿದೆ. ನಾನು ಆಂಪ್ಲಿಫೈಯರ್ ಆರಿಸಿದ್ದು ಸಾರಂಗಿ ಕೇಳಿ. ಸಾರಂಗಿ ಕೇಳಿಸಿದರೆ ಯಾರು ತಾನೇ ಬೇಡ ಅನ್ನುತ್ತಾರೆ? ಆದರೆ ನನ್ನ ಕೆಲಸಕ್ಕೆ ಹಾಡಲು ಬರುವ ಆಂಪ್ಲಿಫೈಯರಿಗಿಂತ ಸುಮ್ಮನಿರಲು ಬರುವ ಆಂಪ್ಲಿಫೈಯರ್ ಬೇಕು. ಇನ್ನು ಏನನ್ನೂ ನುಡಿಸದೆ ಕೇಳಿ ಆರಿಸುತ್ತೇನೆ ಎಂದು ನಿಶ್ಚಯಿಸಿದೆ. ರೀಡ್ ಮುಟ್ಟದೆ, ಮರುದಿನ ಚೀಲ ಎತ್ತಿಕೊಂಡು ಮತ್ತೆ ಘಾಟ್ಕೋಪರ್‌ಗೆ ಹೋದೆ.

ಯಜಮಾನರಿಗೆ ನೋವಾಯಿತು. "ನನ್ನ ಆಂಪ್ಲಿಫೈಯರ್ ಹೂಂ ಅನ್ನುದಾ? ಇಷ್ಟು ವರ್ಷದಲ್ಲಿ ಯಾರೂ ಹೇಳಿದ್ದಿಲ್ಲ!"

"ಮನೆಯಲ್ಲಿ ನಾನು ಎಂತ ಹೇಳಿದ್ರೂ ನೀವು ಬರೀ ಹೂಂ ಅನ್ನುದಿಲ್ವಾ? ನಿಮ್ಮತ್ರವೇ ಕಲ್ತದ್ದು ಅದು," ಎಂದು ಒಳಗಿನಿಂದ ಹೆಂಡತಿ ಹೇಳಿದರು.

ಯಜಮಾನರಿಗೆ ನನ್ನ ಹೆಡ್‌ಫೋನ್ ಹಾಕಿಸಿ, ಸದ್ದಿನ ಗುಬುಟನ್ನು ಗಾಲಾದಲ್ಲಿ ಇಡುವಷ್ಟು ಮೇಲಕ್ಕೆ ತಿರುಗಿಸಿದೆ. ಹಾಡು ಹಾಕಬೇಡಿ ಎಂದೆ. ಹಾಡಿಲ್ಲದೆ ಆಂಪ್ಲಿಫೈಯರ್ ಕೇಳುವುದು ಅವರಿಗೆ ಖಾಲಿ ಎಲೆಯ ಮುಂದೆ ಕೂತಂತೆ ಆಗಿರಬೇಕು. ಆದರೂ ಕಣ್ಣು ಮುಚ್ಚಿ ಕೂತರು. ಸ್ವಲ್ಪ ಹೊತ್ತಿಗೆ ಅವರ ಹುಬ್ಬು ಗಂಟಾಯಿತು.

"ಉಂಟು ಮಾರಾಯ್ರೆ. ಹೂಂ ಅಂತ ಉಂಟು." ಆಮೇಲೆ ಅವರೇ ಕಾಗದದ ಮೇಲೆ ಬರೆದು ವಿವರಿಸಿದರು. ಗೋಡೆಯ ಕರೆಂಟ್ ಸೆಕೆಂಡಿಗೆ ಐವತ್ತು ಸಲ ಕಂಪಿಸುತ್ತದೆ, ಆಂಪ್ಲಿಫೈಯರ್ ಒಳಗೆ ಅದು ನೂರಾಗುತ್ತದೆ, ಅದರ ಮರಿ ಇನ್ನೂರು. ನನ್ನ ಪ ಸ್ವರದ ಖರ್ಜ ಇನ್ನೂರಕ್ಕಿಂತ ಚೂರು ಕೆಳಗೆ. ಅಕ್ಕಪಕ್ಕದ ಮನೆಯವರಿದ್ದ ಹಾಗೆ, ಜಗಳ ಬಾರದೆ ಇರುತ್ತದೆಯೇ? ಹಾಡು ಕೇಳುವವರು ಸದ್ದನ್ನು ಇಷ್ಟು ಏರಿಸುವುದಿಲ್ಲವಾದ್ದರಿಂದ ಅದು ಯಾರ ಕಿವಿಗೂ ಬಿದ್ದಿರಲಿಲ್ಲ.

ಎರಡನೆಯದನ್ನು ತಂದರು. ಚಿಕ್ಕದು, ಎರಡೇ ಟ್ಯೂಬ್. ಹೂಂ ಕಡಿಮೆ, ಆದರೆ ಒಗ್ಗರಣೆಯ ಸಾಸಿವೆಯಂತೆ ಪಟಪಟ ಸಿಡಿಯುತ್ತಿತ್ತು. ಟ್ಯೂಬ್ ಬದಲಿಸಿದರು. ಪಟಪಟ ನಿಂತಿತು, ಬದಲಿಗೆ ಸುಯ್ ಎನ್ನುವ ಗಾಳಿಯ ಸದ್ದು ಬಂತು. ಆ ಗಾಳಿಯಲ್ಲಿ ಸಣ್ಣ ಅಲೆ ಮುಳುಗಿಹೋಗುತ್ತದೆ, ಇದೂ ಆಗದು ಎಂದೆ. ಅವರು ಕೈಚೆಲ್ಲಿ ಸ್ವಿಚ್ ಆರಿಸಿದರು. ನನಗೂ ಧೈರ್ಯ ಕುಸಿಯಿತು. ಪೂಜೆ ಹತ್ತಿರ ಬರುತ್ತಿತ್ತು.

"ಬ್ಯಾರೆ ಯಾವುದೂ ಇಲ್ಲೇನ್ರಿ?"

"ಇಲ್ಲ," ಎಂದರು ಅವರು.

"ಉಂಟು," ಎಂದರು ಹೆಂಡತಿ. "ಅಟ್ಟದಲ್ಲಿ ಉಂಟು. ನನ್ನ ಅವಲಕ್ಕಿ ಡಬ್ಬಿ."

ಯಜಮಾನರ ಮುಖ ಕೆಂಪಾಯಿತು. ಹೆಂಡತಿ ಸ್ಟೂಲ್ ಹತ್ತಿ ತಾವೇ ಇಳಿಸಿದರು. ಎರಡು ಸ್ಟೀಲ್ ಡಬ್ಬಿಗಳು, ನಡುವೆ ಮಾರುದ್ದದ ವಯರ್. ಒಂದು ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು ಟ್ಯೂಬ್ ನಿಲ್ಲಿಸಿದ್ದರು. ಇನ್ನೊಂದರ ಹೊಟ್ಟೆಯೊಳಗೆ ಭಾರದ ಟ್ರಾನ್ಸ್‌ಫಾರ್ಮರ್. "ಹೊಸ ಡಬ್ಬಿಗೆ ತೂತು ಹೊಡೆದದ್ದು ಇವ್ರು. ಅದರ ಸಿಟ್ಟು ನನಗಿನ್ನೂ ಹೋಗ್ಲಿಲ್ಲ," ಎಂದು ಅವರು ನನಗೆ ದೂರು ಕೊಟ್ಟರು.

"ಅದು ಸುಮ್ಮನೆ ಪ್ರಯೋಗಕ್ಕೆ 'ಕಟ್ಟಿ ನೋಡುವ' ಅಂತ ಮಾಡಿದ್ದು," ಎಂದರು ಯಜಮಾನರು ಸಂಕೋಚದಿಂದ. "ನೋಡ್ಲಿಕ್ಕೆ ಚಂದ ಇಲ್ಲ. ಮತ್ತೆ ಪೇಟೆಯ ಮಾಮೂಲಿ ಹೆಡ್‌ಫೋನ್ ಹಾಕಿದ್ರೆ ದನಿ ಸತ್ತ ಹಾಗೆ ಕೇಳ್ತದೆ. ಅದಕ್ಕೆ ಮೇಲೆ ಇಟ್ಟದ್ದು."

ಮಾಮೂಲಿ ಹೆಡ್‌ಫೋನ್ ನೆಲಮಹಡಿಯ ನಲ್ಲಿ, ಅದಕ್ಕೆ ಧಾರಾಳ ನೀರು ಬೇಕು. ಈ ಡಬ್ಬಿ ಕೊಡುವುದು ಸ್ವಲ್ಪ, ಆದರೆ ಎತ್ತರಕ್ಕೆ ಕೊಡುತ್ತದೆ. ನನ್ನದು ಏಳನೆಯ ಮಹಡಿಯಲ್ಲವೇ? ಸಿಕ್ಕಿಸಿದೆ. ಟ್ಯೂಬ್ ಬಿಸಿಯಾಗುವವರೆಗೆ ಮೂವರೂ ಕಾದೆವು. ಸದ್ದನ್ನು ಪೂರ್ತಿ ಏರಿಸಿದೆ. ಏನೂ ಇಲ್ಲ. ಹೂಂ ಇಲ್ಲ, ಪಟಪಟ ಇಲ್ಲ, ಗಾಳಿ ಇಲ್ಲ. ಕೆಟ್ಟುಹೋಗಿದೆಯೇನೋ ಎಂದು, ಜೊತೆಗೆ ತಂದಿದ್ದ ನನ್ನ ಪುಟ್ಟ ಮೈಕನ್ನು ಹಚ್ಚಿ ಉಗುರಿನಿಂದ ಮುಟ್ಟಿದರೆ ಕಿವಿಯಲ್ಲಿ ಬಾಗಿಲು ಬಡಿದಂತಾಯಿತು. ಹೂಂ ಎನ್ನುವ ಟ್ರಾನ್ಸ್‌ಫಾರ್ಮರ್ ಇನ್ನೊಂದು ಡಬ್ಬಿಯಲ್ಲಿ ದೂರ ಕೂತಿದ್ದರಿಂದ ಅದರ ಗೊಣಗು ಟ್ಯೂಬ್‌ಗಳವರೆಗೆ ಮುಟ್ಟುತ್ತಿರಲಿಲ್ಲ. ಹೆಡ್‌ಫೋನನ್ನು ಯಜಮಾನರಿಗೆ ಕೊಟ್ಟೆ. ಅವರು ಬಹಳ ಹೊತ್ತು ಏನೂ ಇಲ್ಲದ್ದನ್ನು ಕೇಳಿದರು. ಆ ಮುಖದ ಮೇಲೆ ಸಾರಂಗಿಯ ದಿನ ಕಾಣದ ಸುಖ ಇತ್ತು.

"ಇದರ ಜಾತಕ ನಿಮ್ಮ ಹೆಡ್‌ಫೋನಿನ ಜೊತೆ ಕೂಡ್ತು ನೋಡಿ," ಎಂದರು.

ಕ್ರಯ ಕೇಳಿದೆ. "ಮೊದಲು ಭಜನೆ ಆಗ್ಲಿ," ಎಂದು ಡಬ್ಬಿಗಳನ್ನು ಚೀಲಕ್ಕೆ ಹಾಕಿದರು.

ಗಾಲಾದಲ್ಲಿ ಹಚ್ಚಿದಾಗ ಮತ್ತೆ ಹೂಂ! ನೋಡಿದರೆ ಜಾಗ ಉಳಿಸಲು ಎರಡೂ ಡಬ್ಬಿಗಳನ್ನು ನಾನೇ ಒಂದರ ಮೇಲೊಂದು ಇಟ್ಟಿದ್ದೆ. ಅಡುಗೆಮನೆಯ ಬುದ್ಧಿ. ಒಂದನ್ನು ಮೇಜಿನ ಆ ತುದಿಗೆ ಇಟ್ಟೆ, ಇನ್ನೊಂದನ್ನು ಈ ತುದಿಗೆ. ಮೌನ ಮರಳಿತು. ಅಂದಿನಿಂದ ಪ್ರತಿ ಕೆಲಸಕ್ಕೆ ಮೊದಲು ಏನೂ ಇಲ್ಲದ್ದನ್ನು ಒಮ್ಮೆ ಕೇಳುವುದು ನನ್ನ ಪದ್ಧತಿ.

ಪ ರೀಡನ್ನು ಕೈಗೆತ್ತಿಕೊಂಡೆ. ಬುಡವನ್ನು ಕೆರೆಯುವುದು ತುದಿ ಕೆರೆದಂತಲ್ಲ, ರೀಡು ಬಾಗುವುದೇ ಅಲ್ಲಿ. ಅಡಿಗೆ ತೆಳ್ಳನೆಯ ತಗಡು ಕೊಟ್ಟು, ಉಗುರಿನಿಂದ ಕೆರೆದಷ್ಟೇ ಹಗುರವಾಗಿ ಒಮ್ಮೆ ಎಳೆದೆ, ಊದಿ ಕೇಳಿದೆ, ಮತ್ತೊಮ್ಮೆ ಎಳೆದೆ. ಸ ಜೊತೆ ಒತ್ತಿ ನೋಡಿದೆ. ಹಲ್ಲು ಜುಮ್ಮೆನ್ನುವುದು ಕಡಿಮೆಯಾಯಿತು. ಕಾಗದ ತೆಗೆದು ನರವನ್ನೂ ಬಿಟ್ಟೆ. ವಾಂವ್... ವಾಂವ್... ಇನ್ನೊಂದು ಎಳೆತ. ವಾಂ...ವ್. ಎದ್ದು ನೀರು ಕುಡಿದು ಬಂದೆ. ಕೊನೆಯದೊಂದು, ಇಷ್ಟೇ ಇಷ್ಟು. ಊದಿದೆ. ಪ ನಿಂತಿತು. ಅಲೆಯೇ ಇಲ್ಲದೆ, ತುಂಬಿದ ಕೊಡದ ನೀರಿನ ಹಾಗೆ ನಿಂತಿತು. ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಹೆಡ್‌ಫೋನ್ ತೆಗೆದರೆ ಪಕ್ಕದಲ್ಲಿ ಧಡ್, ಸುಸ್ಸ್. ಹೊಡೆದುಕೊಳ್ಳಲಿ ಬಿಡು, ನನ್ನ ಬಾಗಿಲಿಗೆ ಬೀಗ ಬೀಳುವುದಿಲ್ಲ ಎಂದು ಅದಕ್ಕೇ ಹೇಳಿದೆ.

ಪೂಜೆಯ ದಿನ ಭಾಂಡುಪ್‌ಗೆ ಘಾಟ್ಕೋಪರ್‌ನ ದಂಪತಿಗಳೂ ಬಂದರು, ಪೇಟಿ ಅಂದರೆ ಯಾವುದು ಎಂದು ಕಣ್ಣಾರೆ ನೋಡಲು. ಮಂಡಳಿಯವರು ಬಿಳಿ ಅಂಗಿ ತೊಟ್ಟು, ತಾವೇ ಹಾಕಿದ ನೆಲದ ಮೇಲೆ ಜಮಖಾನೆ ಹಾಸಿ ಕೂತಿದ್ದರು. ಗಾಯಕರು ಜಮಖಾನೆಯ ಅಂಚು ಎತ್ತಿ ಟೈಲ್ಸ್‌ನ ಒಂದು ಸಂದನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಪೇಟಿಯ ಬಾಯಿ ತೆರೆದರು. ಸೊಸೈಟಿಯವರು ಬಾಡಿಗೆಯ ಮೈಕ್, ಸ್ಪೀಕರ್ ತರಿಸಿದ್ದರು. ಅದನ್ನು ಹಚ್ಚಿದೊಡನೆ ಆಂಪ್ಲಿಫೈಯರ್ ಯಜಮಾನರ ತಲೆ ಥಟ್ಟನೆ ಮೇಲೆದ್ದಿತು.

"ಹೂಂ ಅಂತ ಉಂಟು," ಎಂದು ನನ್ನ ಕಿವಿಯಲ್ಲಿ ಹೇಳಿ, ನಾನು ತಡೆಯುವ ಮೊದಲೇ ಎದ್ದು ಹೋಗಿ ಸ್ಪೀಕರಿನ ಪ್ಲಗ್ ಕಿತ್ತರು. ಮೈಕ್ ಇಲ್ಲದೆ ಹಿಂದಿನವರಿಗೆ ಹೇಗೆ ಕೇಳಿಸೀತು ಎಂದು ಸೆಕ್ರೆಟರಿ ಗಾಬರಿಯಾದರು, "ಅರೇ, ಮೈಕ್ ಕೆ ಬಿನಾ ಪೀಛೇ ತಕ್ ಕೈಸೇ ಸುನಾಯಿ ದೇಗಾ?" ಎಂದರು.

ಗಾಯಕರು ನಕ್ಕು ನಮ್ಮ ಕಡೆ ತಿರುಗಿದರು. "ಹೇಳ್ರಿ ಅಕ್ಕಾರ ಅವರಿಗೆ. ಈ ಹಾಲ್‌ನಾಗ ದನಿ ಎಲ್ಲಿ ಹೋಗಿ ಎಲ್ಲಿ ತಿರುಗಿ ಬರ್ತೈತಿ ನಮಗ ಗೊತ್ತೈತಿ. ಟೈಲ್ಸ್ ಹಾಕೋ ಮುಂದ ದಿನಾ ಇಲ್ಲೇ ಹಾಡೀವಿ."

ಸ ಹಿಡಿದರು, ಪ ಹಿಡಿದರು. ಎರಡೂ ಕೂಡಿ ಹಾಲ್‌ನ ತುಂಬ ನಿಂತವು. ಅವರು ನನ್ನತ್ತ ನೋಡಿ ಒಮ್ಮೆ ತಲೆ ಆಡಿಸಿದರು, ಅಷ್ಟೇ. ಆಮೇಲೆ ಬಾಯಿ ತೆರೆದು ಹಾಡಿದ ಹಾಡು ಹಿಂದಿನ ಸಾಲಿನವರನ್ನೂ ಎಬ್ಬಿಸಿ ತಾಳ ಹಾಕಿಸಿತು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಪ್ರಸಾದದ ಶಿರಾ ತಿನ್ನುತ್ತ ಮತ್ತೆ ಯಜಮಾನರನ್ನು ಕೇಳಿದೆ. "ಈಗರೆ ಹೇಳ್ರಿ, ಡಬ್ಬಿಗೆ ಎಷ್ಟು ಕೊಡ್ಲಿ?"

"ನಾನು ಫೋನಿನಲ್ಲಿ ಎಷ್ಟರದ್ದು ಬೇಕು ಅಂತ ಕೇಳಿದ್ದು ನೆನಪುಂಟಾ? ನೀವು ಎಂತ ಹೇಳಿದ್ರಿ?"

"ಒಂದು ಪೇಟಿ ಅಂದೆ."

"ಹಾಂ. ಮಾತು ಅಂದ್ರೆ ಮಾತು. ಒಂದು ಪೇಟಿ ಕೊಡಿ." ಗಾಯಕರ ಮುಂದಿದ್ದ ಹಾರ್ಮೋನಿಯಂ ಕಡೆ ಬೆರಳು ತೋರಿಸಿದರು. "ಅಂಥದ್ದು. ಹಳೆಯದ್ದಾದ್ರೂ ಅಡ್ಡಿಲ್ಲ. ನನಗೂ ಕಲೀಬೇಕು ಅಂತ ಆಸೆ ಆಗಿದೆ."

ಗಾಲಾದ ಅಟ್ಟದ ಮೇಲೆ ಯಾರೂ ಒಯ್ಯದೆ ಉಳಿದ ಒಳ್ಳೆಯ ಪೇಟಿಯೊಂದಿತ್ತು. ಆಗಲಿ, ಅದರ ರೀಡ್‌ಗಳನ್ನು ನಿಮ್ಮ ಡಬ್ಬಿಯಲ್ಲೇ ಕೇಳಿ ಕೂಡಿಸಿ ಕೊಡುತ್ತೇನೆ ಎಂದೆ. ಅವರು ಮಕ್ಕಳಂತೆ ನಕ್ಕರು. ಅವರ ಹೆಂಡತಿ ಮಾತ್ರ ಶಿರಾದ ದೊನ್ನೆ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು.

"ನಿಮ್ಮತ್ರ ಆ ಕಿವಿ ಮುಚ್ಚುವ ಹೆಡ್‌ಫೋನ್ ಇನ್ನೊಂದು ಉಂಟಾ? ಇವರು ಕಲಿಯುವಷ್ಟು ದಿನ ನನಗೆ ಕೊಡಿ. ಆಂಪ್ಲಿಫೈಯರ್ ಬೇಡ."